ಅವ್ವನ ತಾಟಿನ ಅಗಸಿ ಹಿಂಡಿ

ತೊಂಬತ್ತರ ದಶಕದ ಕೊನೆಯಲ್ಲಿ ಅವ್ವನಿಗೆ ಸ್ತನದ ಕ್ಯಾನ್ಸರ್ ಆಯಿತು. ಗೋಪನಕೊಪ್ಪದ ನಮ್ಮ ಮನೆಯಲ್ಲಿ ಅಡುಗೆಯ ಯಜಮಾನಿಕೆ ಅಂದಿನಿಂದ ಅಪ್ಪನ ತಮ್ಮ, ನಮ್ಮ ಕಾಕಾನ ಕೈಗೆ ಹೋಯಿತು. ಸೋಯಾ ಒಳ್ಳೆಯದೆಂದು ಯಾವುದೋ ಪತ್ರಿಕೆಯಲ್ಲಿ ಓದಿ, ಅಮರಗೋಳದಿಂದ ಚೀಲ ತಂದು, ಜೋಳದ ಜೊತೆ ಗಿರಣಿಯಲ್ಲಿ ಬೀಸಿಸಿದ. ರೊಟ್ಟಿ ಹಸಿ ವಾಸನೆ ಹೊಡೆಯುತ್ತಿತ್ತು; ಅವ್ವ ನೀರು ಕುಡಿದು ನುಂಗಿದಳು. ಕೆಲವು ತಿಂಗಳಿಗೆ ಇನ್ನೊಂದು ಪತ್ರಿಕೆ ಬೇರೆಯೇ ಹೇಳಿತು: ಸೋಯಾದಲ್ಲೂ ಅಗಸೆಯಲ್ಲೂ ಹೆಣ್ಣಿನ ಹಾರ್ಮೋನನ್ನು ಹೋಲುವ ಅಂಶವಿದೆ, ಅದು ಗಂಟನ್ನು ಬೆಳೆಸಬಹುದು.

“ವೈನಿ, ಇನ್ನ ಅಗಸಿ ಹಿಂಡಿ ಮುಟ್ಟಬ್ಯಾಡ್ರಿ,” ಎಂದ ಕಾಕಾ. ಹುರಿದ ಅಗಸೆಯ ಆ ಖಾರದ ಪುಡಿಗೆ ಎಣ್ಣೆ ಬೆರೆಸಿಕೊಳ್ಳದೆ ಅವ್ವನಿಗೆ ರೊಟ್ಟಿ ಇಳಿಯುತ್ತಲೇ ಇರಲಿಲ್ಲ.

ನಾನು ಡಾಕ್ಟರನ್ನು ಕೇಳಿದೆ. “ಊಟದಾಗಿನ ಅಗಸಿಯಿಂದ ಗಂಟು ಬೆಳೀತೈತಿ ಅನ್ನಾಕ ಪುರಾವೆ ಇಲ್ರಿ. ಖಾತ್ರಿ ಹೇಳೂವಷ್ಟು ಇನ್ನೂ ಯಾರಿಗೂ ಗೊತ್ತಿಲ್ಲ. ಬಾಯಿಗೆ ರುಚಿ ಹತ್ತಿದ್ದು ಉಣ್ಲಿ ಬಿಡ್ರಿ,” ಎಂದರು.

ಅದನ್ನೇ ಕಾಕಾನಿಗೆ ಹೇಳಿದೆ. “ಗೊತ್ತಿಲ್ಲ ಅಂದಮ್ಯಾಲ ಯಾಕ ಕೊಡಬೇಕು?” ಎಂದು ಡಬ್ಬಿಯನ್ನೇ ಹೊರಗೆ ಸುರಿದ. ಅವ್ವ ಎರಡು ವರ್ಷ ಸಪ್ಪನೆಯ ಬೇಳೆಯಲ್ಲಿ ರೊಟ್ಟಿ ಅದ್ದಿ ತಿಂದಳು. ಕೊನೆಗೆ ಅದನ್ನೂ ಬಿಟ್ಟಳು. ಗಂಟು ಮಾತ್ರ ತನ್ನ ಪಾಡಿಗೆ ಬೆಳೆಯಿತು.

ಅವಳ ದಿನಕರ್ಮಕ್ಕೆ ಫೋಟೋದ ಮುಂದೆ ಎಡೆ ಇಟ್ಟರು. ಸತ್ತವರಿಗೆ ಇಷ್ಟವಾದದ್ದನ್ನು ಬಡಿಸುವುದು ನಮ್ಮ ರೂಢಿ. ಕಾಕಾ ತಾನೇ ಪೇಟೆಯಿಂದ ತಂದ ಅಗಸಿ ಹಿಂಡಿಯನ್ನು ತಾಟಿಗೆ ಸುರಿದು, ಎಣ್ಣೆ ಬಿಟ್ಟು, “ವೈನಿಗೆ ಇದಂದ್ರ ಜೀವಾ,” ಎಂದು ಕಣ್ಣೊರೆಸಿಕೊಂಡ.

“ಈಗ ಗಂಟು ಬೆಳಿಯೂದಿಲ್ಲೇನು, ಕಾಕಾ?” ಎಂದೆ.

ಬಂದ ಮಂದಿಯೆಲ್ಲ ನನಗೇ ಬೈದರು.