ಮಾವನ ಕಣ್ಣೀರು ಮತ್ತು ನಮ್ಮ ನಾಯಿ

ಮದುವೆಯಾಗಿ ಬಂದ ಹದಿನಾಲ್ಕು ವರ್ಷಗಳಲ್ಲಿ ನನ್ನ ಮಾವ ಅತ್ತದ್ದನ್ನು ನಾನು ಕಂಡದ್ದು ಒಮ್ಮೆ ಮಾತ್ರ, ಅದೂ ಪರದೇಶದ ನಾಯಿಯೊಂದಕ್ಕಾಗಿ. ಅತ್ತೆ ತೀರಿಕೊಂಡ ದಿನವೂ ಬಂದವರಿಗೆ ಕಾಫಿ ಆಯಿತೋ ಎಂದು ವಿಚಾರಿಸುತ್ತಿದ್ದ ಗಟ್ಟಿ ಮನುಷ್ಯ. ಆ ಭಾನುವಾರ ಟಿವಿಯಲ್ಲಿ ಒಬ್ಬ ಹುಡುಗ ಮತ್ತು ಅವನ ನಾಯಿಯ ಹಳೆಯ ಇಂಗ್ಲಿಷ್ ಸಿನಿಮಾ ಹಾಕಿದ್ದೆ. ಮಾತು ಒಂದೂ ಅರ್ಥವಾಗದಿದ್ದರೂ ಮಾವ ಎರಡು ಸಲ ಹೆಗಲ ಮೇಲಿನ ಬೈರಾಸಿನಲ್ಲಿ ಕಣ್ಣೊರೆಸಿಕೊಂಡರು.

ಅಷ್ಟು ಹೊತ್ತೂ ನಮ್ಮ ನಾಯಿ ಅಂಗಳದ ಗೂಡಿನಲ್ಲಿತ್ತು. ನಮ್ಮ ಕಡೆ ನಾಯಿಗೆ ಹಗಲಿಡೀ ಗೂಡು, ಕತ್ತಲಾದ ಮೇಲೆ ಅಂಗಳ; ಮೆಟ್ಟಿಲು ಹತ್ತಿದರೆ ಮನೆತನವೇ ಮುಳುಗುತ್ತದೆ. ಹತ್ತು ವರ್ಷ ಕಾವಲು ಕಾದು ಅದಕ್ಕೀಗ ಕಣ್ಣು ಮಂಜು. ಬಂದವರಿಗೆಲ್ಲ ಬೊಗಳುವ ಬದಲು ಬಾಲ ಆಡಿಸುತ್ತಿತ್ತು. ಇಂಥ ಸಭ್ಯತೆ ನಾಯಿಗೆ ಸಲ್ಲದು. ಸೋಮವಾರ ಪೊಳಲಿಯ ಹೊಳೆಯಾಚೆ ಬಿಟ್ಟುಬರುವುದೆಂದು ಮಾವ ತೀರ್ಮಾನಿಸಿದ್ದರು. ಗೋಣಿಯಲ್ಲಿ ಕಟ್ಟಿ ಹೊಳೆ ದಾಟಿಸಿದರೆ ನಾಯಿಗೆ ಮನೆಯ ದಾರಿ ಮರೆಯುತ್ತದೆಂಬುದು ಹಿರಿಯರ ಶಾಸ್ತ್ರ. ನಮ್ಮ ಗುರುವಾಯನಕೆರೆಯಿಂದ ಅಷ್ಟು ದೂರ ಹೋದ ಮೇಲೆ ಅಲ್ಲಿಯ ದೇವಸ್ಥಾನದಲ್ಲಿ ಕೈಮುಗಿದೂ ಬರಬಹುದು.

ಸಿನಿಮಾ ಮುಗಿದಾಗ ಒಳಗೊಳಗೇ ಹಿಗ್ಗಿದೆ. ಕಲ್ಲು ಕರಗಿತು, ನಾಯಿ ಉಳಿಯಿತು ಅಂದುಕೊಂಡೆ. ಬಾಯಿಬಿಟ್ಟು ಕೇಳಲಿಲ್ಲ, ಕೇಳಿ ಯಾಕೆ ಕೆಟ್ಟವಳಾಗುವುದು?

ಬೆಳಿಗ್ಗೆ ಸರಿಯಾದ ಹೊತ್ತಿಗೆ ರಿಕ್ಷಾ ಬಂತು. ನಿನ್ನೆಯ ಸಿನಿಮಾವನ್ನು ಮೆಲ್ಲಗೆ ನೆನಪಿಸಿದೆ. ಮಾವ ನನ್ನ ದಡ್ಡತನಕ್ಕೆ ಮರುಗಿದರು.

“ಅದು ಜಾತಿ ನಾಯಿ. ಇದು ಊರ ನಾಯಿ ಅಲ್ವಾ?”

ಊರ ನಾಯಿ ಗೋಣಿ ಕಂಡದ್ದೇ ಗೂಡಿನ ಮೂಲೆ ಸೇರಿತು. ರಿಕ್ಷಾದವ ಕೋಲು ಆಡಿಸಿದರೂ ಜಗ್ಗಲಿಲ್ಲ.

“ನೀನು ಕರೆದರೆ ಬರ್ತದೆ. ಕರೆ,” ಅಂದರು ಮಾವ.

ಅದಕ್ಕೆ ದಿನಾ ಅನ್ನ ಹಾಕಿದವಳು ನಾನು. ಆಗುವುದಿಲ್ಲ ಅನ್ನಬಹುದಿತ್ತು. ಆದರೆ ರಿಕ್ಷಾದವನ ಮುಂದೆ ಮಾವನಿಗೆ ಎದುರು ಮಾತಾಡಿದರೆ ಊರವರು ಏನೆಂದಾರು ಎಂಬ ಘನವಾದ ಚಿಂತೆ ನನ್ನದು. ಗೋಣಿಯೊಳಗೆ ಬಂಗುಡೆ ಮೀನಿನ ತಲೆ ಇಟ್ಟು, ದಿನಾ ಕರೆಯುವ ಹಾಗೆಯೇ ಕರೆದೆ. ನನ್ನ ದನಿಯ ಗುರುತು ಹಿಡಿದು ಬಾಲ ಆಡಿಸುತ್ತ ಬಂದು ತಾನಾಗಿ ಒಳಗೆ ಹೊಕ್ಕಿತು. ಗೋಣಿಯ ಬಾಯಿ ಕಟ್ಟಿದವಳೂ ನಾನೇ.

ಮಧ್ಯಾಹ್ನ ಮಾವ ಪ್ರಸಾದ ತಂದುಕೊಟ್ಟರು. ಮುಂದಿನ ಭಾನುವಾರ ಆ ಒಳ್ಳೆಯ ಸಿನಿಮಾ ಇನ್ನೊಮ್ಮೆ ಹಾಕಲು ಹೇಳಿದರು. ಹಾಕಿಕೊಟ್ಟೆ. ಮಾವ ಬೈರಾಸು ಹೆಗಲಿಗೆ ಹಾಕಿಕೊಂಡು ಸಿದ್ಧರಾಗಿ ಕುಳಿತರು. ನಾನು ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟೆ. ಹುಡುಗ ನಾಯಿಯನ್ನು ಕರೆಯುವುದು ನನಗೆ ಕೇಳಬಾರದಿತ್ತು.