ಹೋತಕ್ಕೆ ಹೇಳಿದ ಬುದ್ಧಿ

“ಯವ್ವಾ, ಈ ಹೋತ ನನಗ ಬ್ಯಾಡ್ರಿ. ಇದರ ಬೀಜದಾಗ ಗಂಟು ಅದ,” ಎಂದು ಆಳಂದದ ಸಂತೆಯಲ್ಲಿ ನಾನು ಹೋತದ ಹಿಂಗಾಲುಗಳ ನಡುವಿನಿಂದ ಕೈ ತೆಗೆದೆ. ಆಡುಗಳ ಹಿಂಡಿಗೆ ಬಿಡುವ ಹೋತವನ್ನು ಅಲ್ಲಿ ಮುಟ್ಟಿ ನೋಡದೆ ನಾನು ಕೊಳ್ಳುವವನಲ್ಲ.

ಖಜೂರಿ ಹಳ್ಳಿಯಿಂದ ಅದನ್ನು ಮಾರಲು ತಂದಿದ್ದ ಅಜ್ಜಿಗೆ ಸಿಟ್ಟು ಬಂತು. “ಗಂಟಿದ್ರ ಏನಾತಪಾ? ನೋವಿಲ್ಲ, ಏನಿಲ್ಲ. ಛಲೋ ಮೇಯಾಕತ್ತದ.”

“ನೋವಿಲ್ಲಂತ ಬಿಟ್ರ ಹ್ಯಾಂಗ್ರಿ? ಮೂಕ ಪ್ರಾಣಿ, ಬಾಯಿಬಿಟ್ಟು ಹೇಳ್ತದೇನು? ಇವತ್ತೇ ಡಾಕ್ಟರಿಗೆ ತೋರಸ್ರಿ,” ಎಂದು ಸುತ್ತಲಿನವರಿಗೂ ಕೇಳುವಂತೆ ಬುದ್ಧಿ ಹೇಳಿದೆ.

ಹೇಳಿ ಮುಗಿಸಿದ ಮೇಲೆ ನನ್ನದೇ ನೆನಪಾಯಿತು. ಕಡಲೆಕಾಳಿನಷ್ಟು ಗಟ್ಟಿ ಗಂಟೊಂದು ನನ್ನ ಬೀಜದಲ್ಲೂ ಮೂರು ತಿಂಗಳಿಂದ ಇತ್ತು. ನೋವಿಲ್ಲವಲ್ಲ ಎಂದು ಸುಮ್ಮನಿದ್ದೆ. ನಾಚಿಕೆಗೆ ಹೆಂಡತಿಗೂ ಹೇಳಿರಲಿಲ್ಲ. ನನಗಂತೂ ಬಾಯಿತ್ತು.

ಮರುದಿನವೇ ಕಲಬುರಗಿಗೆ ಹೋದೆ. ಸ್ಕ್ಯಾನ್ ಆಯಿತು, ಆಪರೇಷನ್ ಆಯಿತು. ಕ್ಯಾನ್ಸರ್ ಗಂಟೇ ಆಗಿತ್ತು, ಆದರೆ ಹರಡಿರಲಿಲ್ಲ. ಇಂಥ ಗಂಟೆಲ್ಲವೂ ಕ್ಯಾನ್ಸರೇ ಆಗಿರಬೇಕೆಂದಿಲ್ಲ, ಹಾಗಂತ ನೋವಿಲ್ಲವೆಂದು ಬಿಡಬಾರದು, ಕೈಗೆ ಸಿಕ್ಕ ಕೂಡಲೇ ತೋರಿಸಬೇಕು ಎಂದು ಡಾಕ್ಟರ್ ತಿಳಿಸಿ ಹೇಳಿದರು. ಇದನ್ನೇ ಸಂತೆಯಲ್ಲಿ ನಾನು ಭಾಷಣ ಮಾಡಿದ್ದೆ ಎಂದು ಅವರಿಗೆ ಹೇಳಲಿಲ್ಲ. ಆಮೇಲೆ ಅಜ್ಜಿ ಸಿಕ್ಕಾಗ ಗೊತ್ತಾಯಿತು, ಹೋತವನ್ನು ಅವರು ಸಂತೆಯ ದಿನವೇ ತೋರಿಸಿದ್ದರಂತೆ. ನನಗಿಂತ ಒಂದು ದಿನ ಮೊದಲು.

ಈಗಲೂ ಸಂತೆಯಲ್ಲಿ ಹೋತಗಳನ್ನು ಮುಟ್ಟಿ ನೋಡುತ್ತೇನೆ. ತಿಂಗಳಿಗೊಮ್ಮೆ ಬಚ್ಚಲಿನ ಬಾಗಿಲು ಹಾಕಿಕೊಂಡಾಗ ನನ್ನ ಸರದಿ.