ಎಕ್ಕಾರು ಮಾಸ್ಟ್ರು ಕಾರ್ಕಳಕ್ಕೆ ಹೋದದ್ದು

ಕಾಪು ಪಡುವಿನಲ್ಲಿ ಯಾರನ್ನಾದರೂ ನಿಲ್ಲಿಸಿ ಡಾಕ್ಟರ್ ಎಕ್ಕೆಹಾರ್ಟ್ ಅವರ ಮನೆ ಯಾವುದೆಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ಎಕ್ಕಾರು ಮಾಸ್ಟ್ರ ಮನೆ ಎಂದರೆ ಮಕ್ಕಳೂ ಕೈ ತೋರಿಸುತ್ತಾರೆ. ಕಟೀಲಿನ ಹತ್ತಿರ ಎಕ್ಕಾರು ಎಂಬ ಊರುಂಟು. ಜರ್ಮನ್ ಹೆಸರು ಬಾಯಿಗೆ ಹತ್ತದ ಜನ ಅವರನ್ನು ಆ ಊರಿನವರನ್ನಾಗಿ ಮಾಡಿಬಿಟ್ಟರು. ಅವರೂ ಬೇಡ ಎನ್ನಲಿಲ್ಲ.

ಅವರು ಹುಟ್ಟಿದ್ದು ಬಾಲ್ಟಿಕ್ ಸಮುದ್ರದ ದಂಡೆಯಲ್ಲಿ, ಪೂರ್ವ ಜರ್ಮನಿ ಎಂಬ ದೇಶ ಇನ್ನೂ ಇದ್ದ ಕಾಲದಲ್ಲಿ. ಅಪ್ಪ ಹೆರಿಂಗ್ ಎಂಬ ಮೀನು ಹಿಡಿಯುವವರು. "ನಿಮ್ಮ ಬೂತಾಯಿಯ ದೊಡ್ಡಣ್ಣ ಅದು" ಎಂದು ಮಾಸ್ಟ್ರು ಇಲ್ಲಿನವರಿಗೆ ವಿವರಿಸುತ್ತಿದ್ದರು. ಭೌತಶಾಸ್ತ್ರ ಓದಿ, ಹಡಗುಗಳಿಗೆ ಹವಾಮಾನ ತಿಳಿಸುವ ಕಚೇರಿಯಲ್ಲಿ ಕೆಲಸಕ್ಕೆ ಸೇರಿದರು. ಎರಡು ಜರ್ಮನಿಗಳು ಒಂದಾದಾಗ ಆ ಕಚೇರಿ ಮುಚ್ಚಿತು. ಆಮೇಲೆ ಮಳೆಹನಿಗಳ ಗಾತ್ರ ಅಳೆಯುವ ಸಂಶೋಧನೆಗೆ ಇಳಿದು, ಮುಂಗಾರಿನ ಬೆನ್ನು ಹಿಡಿದು ಮಣಿಪಾಲಕ್ಕೆ ಬಂದರು. ಎರಡು ಮಳೆಗಾಲ ಕಳೆದರೆ ಹಿಂದಕ್ಕೆ ಹೋಗುವುದೆಂದು ಲೆಕ್ಕ. ಆದರೆ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದ ಕಾಪುವಿನ ಡುಲ್ಸಿನ್, ದಿನವೂ ತೊಪ್ಪೆಯಾಗಿ ನೆನೆದು ಬರುತ್ತಿದ್ದ ಈ ಉದ್ದನೆಯ ಮನುಷ್ಯನನ್ನು ನೋಡಿ, "ಮಳೆ ಅಳೆಯುವವರ ಹತ್ತಿರ ಒಂದು ಕೊಡೆ ಇಲ್ಲವಾ?" ಎಂದು ಕೇಳಿದರು. ಮಾತು ಬೆಳೆಯಿತು. ಇಗರ್ಜಿಯಲ್ಲಿ ಮದುವೆಯಾಯಿತು. ಮಣಿಪಾಲದಲ್ಲಿ ಪಾಠ, ಕಾಪುವಿನಲ್ಲಿ ಸಮುದ್ರಕ್ಕೆ ಮುಖ ಮಾಡಿದ ಮನೆ. ಕೂದಲು ಬೆಳ್ಳಗಾಗುವ ಹೊತ್ತಿಗೆ ಮಾಸ್ಟ್ರು ಕನ್ನಡದಲ್ಲೇ ಜಗಳವಾಡುವಷ್ಟು ಇಲ್ಲಿಯವರಾಗಿದ್ದರು.

ನಿವೃತ್ತಿಯ ಮೇಲೆ ಹೆಜಮಾಡಿಯ ತಾರಾನಾಥನ ಪರಿಚಯವಾಯಿತು. ನಾಡದೋಣಿಯಲ್ಲಿ ಮೀನು ಹಿಡಿಯುವ ಅವನು ಒಮ್ಮೆ ಮನೆಗೆ ಬಂಗುಡೆ ಕೊಡಲು ಬಂದವನು, "ನಾಳೆ ಗಾಳಿ ಹೇಗುಂಟು ಮಾಸ್ಟ್ರೇ?" ಎಂದು ಕೇಳಿದ. ಹೇಳಿದ್ದು ನಿಜವಾಯಿತು. ಅಲ್ಲಿಂದ ಹೆಜಮಾಡಿಯ ಕಡಲ ಬದಿಯ ಮನೆಗಳಿಗೆಲ್ಲ ಮಾಸ್ಟ್ರ ವಾಟ್ಸಪ್ ಸಂದೇಶ ಹೋಗತೊಡಗಿತು. ಅಪ್ಪನಂಥ ಜನರಿಗೆ ತನ್ನ ವಿದ್ಯೆ ಕೆಲಸಕ್ಕೆ ಬಂತಲ್ಲ ಎಂದು ಅವರಿಗೆ ಹಿಗ್ಗೋ ಹಿಗ್ಗು.

ಒಂದು ಮೇ ತಿಂಗಳಲ್ಲಿ ಚಂಡಮಾರುತ ಎದ್ದಿತು. ಮಾಸ್ಟ್ರು ಖುದ್ದಾಗಿ ಹೆಜಮಾಡಿಗೆ ಹೋಗಿ, ಮನೆಯಿಂದ ಮನೆಗೆ ಅಲೆದು, ಬೇಡವೆಂದವರನ್ನೂ ಒಪ್ಪಿಸಿ ಎತ್ತರದಲ್ಲಿದ್ದ ಶಾಲೆಗೆ ಹೊರಡಿಸಿದರು. ತಾರಾನಾಥನ ತಾಯಿ ಚಂಪಕ್ಕ, "ನಾನು ಹುಟ್ಟಿದಾಗಿನಿಂದ ನೋಡಿದ ಕಡಲು ಮಾರಾಯ್ರೆ, ನನ್ನನ್ನು ಎಂತ ಮಾಡುತ್ತದೆ?" ಎಂದು ಗೊಣಗಿಕೊಂಡೇ ಬಂದರು. ಚಂಡಮಾರುತ ದಿಕ್ಕು ಬದಲಿಸಿ ಎಲ್ಲಿಗೋ ಹೋಯಿತು. ಹೆಜಮಾಡಿಯಲ್ಲಿ ಒಂದು ತೆಂಗಿನ ಗರಿಯೂ ಬೀಳಲಿಲ್ಲ. ಆದರೆ ಶಾಲೆಯ ಒದ್ದೆ ಮೆಟ್ಟಿಲಲ್ಲಿ ಚಂಪಕ್ಕ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಉಡುಪಿಯ ಆಸ್ಪತ್ರೆಗೆ ಸೇರಿದವರು ತಿರುಗಿ ಮನೆಗೆ ಬರಲಿಲ್ಲ.

ಯಾರೂ ಮಾಸ್ಟ್ರಿಗೆ ಒಂದು ಮಾತು ಅನ್ನಲಿಲ್ಲ. ಉತ್ತರಕ್ರಿಯೆ ಕಳೆದ ಮೇಲೆ ತಾರಾನಾಥ ಎಂದಿನಂತೆ ಮೀನು ತಂದ. ಆ ಬಂಗುಡೆಯನ್ನು ಮಾಸ್ಟ್ರಿಗೆ ತಿನ್ನಲಾಗಲಿಲ್ಲ. ಅಂದಿನಿಂದ ಅವರ ಸಂದೇಶಗಳಲ್ಲಿ ಹೌದು, ಅಲ್ಲ ಎಂಬ ಮಾತುಗಳೇ ಕಡಿಮೆಯಾಗುತ್ತ ಹೋದವು.

ಎರಡು ವರ್ಷ ಕಳೆದು ಮತ್ತೆ ಅಂಥದೇ ದಿನಗಳು ಬಂದವು. ಈ ಸಲದ ಚಂಡಮಾರುತ ದೂರದ ಕಡಲಿನಲ್ಲಿತ್ತು, ದಡಕ್ಕೆ ಬರುವಂತಿರಲಿಲ್ಲ. ಆದರೆ ಅಲ್ಲಿ ಎದ್ದ ದೊಡ್ಡ ಅಲೆಗಳು ಅಮಾವಾಸ್ಯೆಯ ಭರತದ ನೀರಿನ ಜೊತೆ ಸೇರಿ ದಂಡೆಗೆ ನುಗ್ಗುತ್ತವೆಂದು ಮಾಸ್ಟ್ರಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಫೋನು ಕೈಯಲ್ಲಿ ಹಿಡಿದು ತುಂಬ ಹೊತ್ತು ಕೂತರು. ಕಡೆಗೆ ಬರೆದದ್ದು ಇಷ್ಟು: "ಅಲೆಗಳು ಎತ್ತರವಿರುವ ಸಾಧ್ಯತೆ ಉಂಟು. ಪರಿಸ್ಥಿತಿ ನೋಡಿಕೊಂಡು ತೀರ್ಮಾನಿಸಿ."

ಅದನ್ನು ಕಳುಹಿಸಿ ಡುಲ್ಸಿನ್‌ಗೆ ಬಟ್ಟೆಬರೆ ಕಟ್ಟಲು ಹೇಳಿದರು. ಇಬ್ಬರೂ ಕಾರಿನಲ್ಲಿ ಕಡಲಿನಿಂದ ದೂರದ ಕಾರ್ಕಳಕ್ಕೆ, ಡುಲ್ಸಿನ್‌ರ ಅಣ್ಣ ಹೆರಾಲ್ಡ್ ಅವರ ಮನೆಗೆ ಹೋದರು.

ಮರುದಿನ ಮಧ್ಯಾಹ್ನ ಎಲ್ಲರೂ ಕೋರಿ ರೊಟ್ಟಿ ತಿನ್ನುತ್ತ ಕೂತಿದ್ದಾಗ ತಾರಾನಾಥನ ಫೋನು ಬಂತು.

"ಮಾಸ್ಟ್ರೇ, ನೀರು ತಡೆಗೋಡೆಯ ಕಲ್ಲಿನವರೆಗೆ ಬಂದಿದೆ. ನಿಮ್ಮ ಮೆಸೇಜು ಓದಿದೆವು, ಅರ್ಥ ಆಗಲಿಲ್ಲ. ನಾವು ಇರುವುದಾ, ಹೊರಡುವುದಾ?"

"ಹಾಗೆ ಹೇಳುವುದು ಕಷ್ಟ, ತಾರಾನಾಥ."

"ಕಾಪುವಿನಲ್ಲಿ ಹೇಗುಂಟು? ನೀವು ಎಂತ ಮಾಡಿದ್ದೀರಿ?"

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ. "ನಾನು ಕಾಪುವಿನಲ್ಲಿ ಇಲ್ಲ. ಕಾರ್ಕಳದಲ್ಲಿದ್ದೇನೆ."

"ಯಾವಾಗ ಹೋದದ್ದು?"

"ನಿನ್ನೆ."

"ಬಾಯಮ್ಮ?"

"ಡುಲ್ಸಿನ್ ಕೂಡ ಇಲ್ಲೇ ಇದ್ದಾಳೆ."

ತಾರಾನಾಥ "ಆಯ್ತು" ಎಂದ. ಫೋನು ಇಡುವುದನ್ನು ಮರೆತು, "ಮಾತೆರ್ಲ ಪಿದಾಡ್ಲೆ!" ಎಂದು ಕೂಗಿಕೊಂಡು ಓಡಿದ್ದು ಕೇಳಿಸಿತು. ಎಲ್ಲರೂ ಹೊರಡಿ ಎಂದು ಮಾಸ್ಟ್ರು ಹೇಳಬೇಕಾಗಿದ್ದ ಮಾತನ್ನು ಅವನೇ ಹೇಳಿಕೊಂಡಿದ್ದ.

ಡುಲ್ಸಿನ್ ಊಟ ನಿಲ್ಲಿಸಿದ್ದರು. "ಅವರಿಗೂ ಹೇಳಿದ್ದೀರಿ ಎಂದುಕೊಂಡಿದ್ದೆ."

"ಮೆಸೇಜು ಹಾಕಿದ್ದೆ."

"ತೋರಿಸಿ." ಓದಿ ಫೋನನ್ನು ಮೇಜಿನ ಮೇಲಿಟ್ಟರು. "ಇದನ್ನು ಓದಿದರೆ ನಾನೂ ಮನೆ ಬಿಡುತ್ತಿರಲಿಲ್ಲ. ನನಗೆ ಮಾತ್ರ ಬಟ್ಟೆ ಕಟ್ಟು ಎಂದಿರಿ."

"ಚಂಪಕ್ಕ ಹೋದ ಮೇಲೆ ನನಗೆ ಧೈರ್ಯ ಬರುವುದಿಲ್ಲ, ಡುಲ್ಸಿನ್."

"ಕಾರು ತೆಗೆಯುವಾಗ ಧೈರ್ಯ ಇತ್ತಲ್ಲ?"

ಹೆರಾಲ್ಡ್ ನಡುವೆ ಬಾಯಿ ಹಾಕಿ, "ಬಿಡು, ಅವರು ಕಡಲಿನವರು, ಅವರಿಗೆ ಗೊತ್ತಾಗುತ್ತದೆ" ಎಂದರು. ಸಮಾಧಾನಕ್ಕೆ ಹೇಳಿದ ಆ ಮಾತಿನಿಂದ ಮಾಸ್ಟ್ರ ಮುಖ ಕಿವಿಯವರೆಗೆ ಕೆಂಪಾಯಿತು. ರೊಟ್ಟಿ ತಟ್ಟೆಯಲ್ಲೇ ಕೋಳಿ ಸಾರಿನಲ್ಲಿ ನೆನೆದು ಮುದ್ದೆಯಾಯಿತು.

ಹೆಜಮಾಡಿಯ ಜನ ಉಟ್ಟ ಬಟ್ಟೆಯಲ್ಲಿ ಪಾರಾದರು. ಸಂಜೆಗೆ ಮುಂಚೆಯೇ ಅಲೆ ರಸ್ತೆ ದಾಟಿತು. ತಾರಾನಾಥನ ಅಡುಗೆಕೋಣೆಯ ಗೋಡೆ ಕುಸಿಯಿತು. ದೋಣಿಯನ್ನು ಎಳೆದು ಮೇಲೆ ಹಾಕುವಷ್ಟು ಹೊತ್ತು ಸಿಕ್ಕಿರಲಿಲ್ಲ, ಅದು ತಡೆಗೋಡೆಯ ಕಲ್ಲಿಗೆ ಬಡಿದು ಎರಡಾಗಿತ್ತು. ಒಂದು ದಿನ ಮುಂಚೆ ಗೊತ್ತಾಗಿದ್ದರೆ ದೋಣಿ ಉಳಿಯುತ್ತಿತ್ತು.

ನೀರು ಇಳಿದ ಮೇಲೆ ಮಾಸ್ಟ್ರು, ಡುಲ್ಸಿನ್ ಅಲ್ಲಿಗೆ ಹೋದರು. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡ ಕನ್ನಡವೆಲ್ಲ ಆ ದೋಣಿ ಕಂಡ ಕೂಡಲೇ ಚದುರಿತು. ತಾರಾನಾಥ ಮನೆಯೊಳಗಿನಿಂದ ಮರಳು ಎತ್ತಿ ಹಾಕುತ್ತಿದ್ದ.

"ತಾರಾನಾಥ, ನಿನ್ನ ತಾಯಿ ಬಿದ್ದದ್ದು ನನ್ನ ಮಾತಿನಿಂದ. ಇನ್ನೊಮ್ಮೆ ಹಾಗೆ ಆಗಬಾರದೆಂದು..."

"ಅಮ್ಮ ಬಿದ್ದದ್ದು ಮೆಟ್ಟಿಲು ಒದ್ದೆ ಇದ್ದದ್ದರಿಂದ" ಎಂದ ತಾರಾನಾಥ, ಸಲಿಕೆ ಕೆಳಗಿಟ್ಟು. "ನಾವು ದಿನಾ ಬಲೆ ಹಾಕುವವರು. ದಿನಾ ಮೀನು ಬೀಳುತ್ತದಾ? ನಿಮ್ಮ ಲೆಕ್ಕ ತಪ್ಪಿದ್ದಕ್ಕೆ ನಮಗೆ ಬೇಸರ ಇಲ್ಲ ಮಾಸ್ಟ್ರೇ. ಮೊನ್ನೆಯದು ಬೇರೆ. ಮೊನ್ನೆ ನಿಮಗೆ ಗೊತ್ತಿತ್ತು, ಅಲ್ವಾ?"

"ಗೊತ್ತಿತ್ತು."

ತಾರಾನಾಥ ಮತ್ತೆ ಸಲಿಕೆ ಎತ್ತಿಕೊಂಡ. ಅವನು ಬೈದಿದ್ದರೆ ಮಾಸ್ಟ್ರಿಗೆ ನಿಲ್ಲಲು ಒಂದು ನೆಲ ಸಿಗುತ್ತಿತ್ತು. ಮಾಸ್ಟ್ರು ಪ್ಯಾಂಟು ಮಡಚಿ, ಮೂಲೆಯಲ್ಲಿದ್ದ ಬುಟ್ಟಿ ತೆಗೆದುಕೊಂಡು ಮರಳು ತುಂಬತೊಡಗಿದರು. ಬನ್ನಿ ಎಂದು ಯಾರೂ ಕರೆಯಲಿಲ್ಲ, ಬೇಡವೆಂದೂ ಹೇಳಲಿಲ್ಲ. ಡುಲ್ಸಿನ್ ಪಾತ್ರೆ ತೊಳೆಯಲು ಕೂತರು.

ಮಾಸ್ಟ್ರು ಈಗಲೂ ಸಂದೇಶ ಕಳುಹಿಸುತ್ತಾರೆ, ಬರೆಯದೆ ದನಿಯಲ್ಲೇ: ಹೊರಡಿ, ಇಲ್ಲವೇ ಇರಿ. ತಪ್ಪಿದ ದಿನ ಜನ ನಗುತ್ತಾರೆ, ಅವರು ಕೇಳಿಸಿಕೊಳ್ಳುತ್ತಾರೆ. ತಾರಾನಾಥ ಹೊಸ ದೋಣಿ ಇಳಿಸಿದ್ದಾನೆ. ಆಗೊಮ್ಮೆ ಈಗೊಮ್ಮೆ ಫೋನು ಮಾಡುತ್ತಾನೆ. ಎಲ್ಲರೂ ಕೇಳುವಂತೆ ಅವನೂ ಮೊದಲು, "ಎಲ್ಲಿದ್ದೀರಿ ಮಾಸ್ಟ್ರೇ?" ಎಂದೇ ಕೇಳುವುದು. ಅದರಲ್ಲಿ ಕೊಂಕೇನೂ ಇಲ್ಲ. ಆದರೂ ಮಾಸ್ಟ್ರಿಗೆ ಕಾರ್ಕಳದ ಆ ಮಧ್ಯಾಹ್ನ ನೆನಪಾಗದೆ ಇರುವುದಿಲ್ಲ. "ಮನೆಯಲ್ಲೇ" ಎಂದು ಹೇಳಿ, ಆಮೇಲೆ ಗಾಳಿಯ ವಿಷಯಕ್ಕೆ ಬರುತ್ತಾರೆ.